ಮಾವಿನ ಹಣ್ಣಿನಲ್ಲೂ ದ್ವಿಬಂಧ
ವಿಜಯನಗರದ ನಮ್ಮ ಮನೆಯಲ್ಲಿ ಸಂಜೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಪರ್ಯಾಪ್ತ, ಅಪರ್ಯಾಪ್ತ ಹೈಡ್ರೋಕಾರ್ಬನ್ (ಕಾರ್ಬನ್, ಹೈಡ್ರೋಜನ್ ಮಾತ್ರ ಇರುವ ವಸ್ತುಗಳು) ಅಂದರೆ ನನಗೆ ಪ್ರಾಣ. ಸುಮ್ನೆ ಸೂತ್ರ ಬಾಯಿಪಾಠ ಮಾಡಿಸಿ ಮುಗಿಸುವ ಪಾಠವಲ್ಲ ಇದು.

ಕಾರ್ಬನ್‌ಗೆ 4 ಕೈ ಅಂದುಕೊಳ್ಳಿ. ಈಥೇನ್‌ನ 2 ಕಾರ್ಬನ್‌ಗಳು ಒಂದೊಂದು ಕೈ ಕೂಡಿಸಿಕೊಂಡು, ಉಳಿದ ಕೈಗಳಲ್ಲಿ 6 ಹೈಡ್ರೋಜನ್ ಹಿಡಿದಿರುತ್ತವೆ. ಇನ್ನು ಖಾಲಿ ಇಲ್ಲ, ಅದು ಪರ್ಯಾಪ್ತ. ಈಥೀನ್‌ನಲ್ಲಿ ದ್ವಿಬಂಧ, ಅಂದರೆ ಕಾರ್ಬನ್‌ಗಳು ಎರಡೆರಡು ಕೈ ಕೂಡಿಸಿಕೊಂಡಿರುತ್ತವೆ, ಹೈಡ್ರೋಜನ್ 4. ಈಥೈನ್‌ನಲ್ಲಿ ತ್ರಿಬಂಧ, ಅಂದರೆ ಮೂರು ಮೂರು ಕೈ, ಹೈಡ್ರೋಜನ್ ಬರೀ 2. ಇವೆರಡೂ ಅಪರ್ಯಾಪ್ತ. ಬ್ರೋಮಿನ್ ನೀರಿಗೆ ಈಥೀನ್ ಹಾಯಿಸಿದರೆ ಅದರ ಕಂದು ಬಣ್ಣ ಹೋಗಿಬಿಡುತ್ತದೆ. ದ್ವಿಬಂಧದಲ್ಲಿ ಒಂದು ಬಿಚ್ಚಿಕೊಂಡು ಬ್ರೋಮಿನ್‌ಗೆ ಜಾಗ ಕೊಡುತ್ತದೆ.

ಮಾವಿನ ಮಾತು ಬಂದಾಗ ಮಕ್ಕಳು ನೆಟ್ಟಗೆ ಕೂರುತ್ತಾರೆ. ಮಾಗುವಾಗ ಹಣ್ಣು ತಾನೇ ಬಿಡುವ ಅನಿಲ ಇದೇ ಈಥೀನ್! ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟರೆ ತೇವ ತಾಗಿ ಈಥೈನ್ ಬರುತ್ತದೆ, ಅದೂ ಕಾಯಿಯನ್ನು ಹಣ್ಣು ಮಾಡುತ್ತದೆ. ಆದರೆ ಕಾರ್ಬೈಡ್‌ನಲ್ಲಿ ಆರ್ಸೆನಿಕ್, ರಂಜಕದ ಕಲ್ಮಶ ಇರಬಹುದು. ಹಣ್ಣು ಮಾಗಿಸಲು ಅದನ್ನು ಬಳಸುವುದು ನಮ್ಮ ದೇಶದಲ್ಲಿ ನಿಷೇಧ, ಸರಿಯಾಗಿಯೇ ಇದೆ ಅಲ್ವಾ? ಇದೇ ಈಥೈನ್ ಆಕ್ಸಿಜನ್ ಜೊತೆ ಉರಿದರೆ ಜ್ವಾಲೆ 3000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಕರಗಿಸುವುದು ಅದೇ.