ಮಸಾಲೆ ಸೇಬಿನ ಸಾಸ್: ಚಕ್ಕೆ ಇಡಿಯಾಗಿರಲಿ, ಸಕ್ಕರೆ ಕೊನೆಗಿರಲಿ

ಸೇಬಿನ ಸಾಸ್ ರುಚಿ ಕೆಡುವುದು ಹೆಚ್ಚಾಗಿ ಎರಡೇ ಕಾರಣಕ್ಕೆ. ಮಸಾಲೆ ಮುಂದೆ ಬಂದು ಸೇಬು ಹಿಂದೆ ಸರಿಯುತ್ತದೆ, ಇಲ್ಲವೇ ಸಕ್ಕರೆ ಮೊದಲೇ ಬಿದ್ದು ಹೋಳು ಬೇಯದೆ ಕೂರುತ್ತದೆ.

ಒಂದೂವರೆ ಕೆಜಿ ಹಣ್ಣಿಗೆ 4ರಿಂದ 5 ಕಪ್ ಸಾಸ್ ಆಗುತ್ತದೆ. ಒಂದೇ ಜಾತಿಯ ಸೇಬು ಬೇಡ. ಅರ್ಧ ಪಾಲು ಹುಳಿಯಿರುವ ಗ್ರ್ಯಾನಿ ಸ್ಮಿತ್, ಇನ್ನರ್ಧ ಸಿಹಿಯಾದ ಗಾಲಾ ಅಥವಾ ಫ್ಯೂಜಿ ಹಾಕಿ. ಬರೀ ಸಿಹಿ ಹಣ್ಣಿನ ಸಾಸ್ ಸಪ್ಪೆ. ಹಿಟ್ಟುಹಿಟ್ಟಾಗಿ ಹಾಗೇ ತಿನ್ನಲಾಗದ ಸೇಬನ್ನೂ ಧಾರಾಳವಾಗಿ ಬಳಸಬಹುದು. ಆದರೆ ಬೂಸ್ಟು ಹಿಡಿದದ್ದನ್ನು ಪೂರ್ತಿ ಎಸೆಯಿರಿ. ಅದರಲ್ಲಿ ಉಂಟಾಗುವ ಪ್ಯಾಟುಲಿನ್ ಎಂಬ ವಿಷ ಕುದಿಸಿದರೂ ಪೂರ್ತಿ ಹೋಗುವುದಿಲ್ಲ.

ಸಿಪ್ಪೆ, ಬೀಜ, ನಡುವಿನ ಗಟ್ಟಿ ಭಾಗ ತೆಗೆದು ಒಂದಂಗುಲದ ಹೋಳು ಮಾಡಿ. ದಪ್ಪ ತಳದ ಪಾತ್ರೆಗೆ ಹೋಳು, ಅರ್ಧ ಕಪ್ ನೀರು, ಎರಡಂಗುಲ ಚಕ್ಕೆ, 3 ಲವಂಗ, ಶುಂಠಿಯ 2 ತೆಳು ಬಿಲ್ಲೆ, ಚಿಟಿಕೆ ಉಪ್ಪು ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಮೊದಲ ಐದಾರು ನಿಮಿಷ ಒಲೆ ಬಿಟ್ಟು ಕದಲಬೇಡಿ. ಹಣ್ಣು ಇನ್ನೂ ರಸ ಬಿಟ್ಟಿರುವುದಿಲ್ಲ, ತಳ ಹಿಡಿಯುವುದು ಆಗಲೇ. ಹಿಡಿದರೆ ಕೆರೆಯಲು ಹೋಗದೆ ಮೇಲಿನದಷ್ಟನ್ನು ಬೇರೆ ಪಾತ್ರೆಗೆ ಬಗ್ಗಿಸಿ.

ಲವಂಗವನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಒಂದು ಉಳಿದು ಅರೆದುಹೋದರೂ ಆ ಪಾತ್ರೆಗೆಲ್ಲ ಕಹಿ ಒಗರು. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿದರೆ ಈ ಚಿಂತೆಯೇ ಇಲ್ಲ. ಚಕ್ಕೆಯ ಪುಡಿ ಬೇಡವೆನ್ನುವುದಕ್ಕೂ ಕಾರಣವಿದೆ: ಪುಡಿ ನೀರು ಹೀರಿ ಉಬ್ಬಿ ಲೋಳೆಯಾಗುತ್ತದೆ, ಸಾಸ್‌ನ ಹೊಂಬಣ್ಣ ಮಣ್ಣುಬಣ್ಣಕ್ಕೆ ತಿರುಗುತ್ತದೆ.

ಇನ್ನು ಸಕ್ಕರೆ. ಹಣ್ಣಿನ ಕೋಶಗಳನ್ನು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಅದು ಕರಗಿದರೆ ಮಾತ್ರ ಹೋಳು ಕುಸಿಯುತ್ತದೆ. ಸಕ್ಕರೆಯೂ ಹುಳಿಯೂ ಆ ಕರಗುವಿಕೆಯನ್ನು ನಿಧಾನ ಮಾಡುತ್ತವೆ. ಹಾಗಾಗಿ ನಿಂಬೆರಸವೂ ಕೊನೆಗೇ.

ಸೌಟಿನಿಂದ ಒತ್ತಿದಾಗ ಹೋಳು ತಡೆಯಿಲ್ಲದೆ ಕುಸಿದರೆ ಮಸಾಲೆ ತೆಗೆದು ಮಸೆಯಿರಿ. ಮಿಕ್ಸಿಯಲ್ಲಿ ತರಿ ಉಳಿಯುವುದಿಲ್ಲ, ತರಿಯಿದ್ದರೇ ಚೆಂದ. ನುಣ್ಣಗೆ ಬೇಕೇಬೇಕೆಂದರೆ ಆರಿಸಿ ಅರೆಯಿರಿ. ಬಿಸಿಯಾಗಿ ತಿರುಗಿಸಿದರೆ ಆವಿ ಮುಚ್ಚಳವನ್ನೇ ಎತ್ತಿಬಿಡುತ್ತದೆ.

ಹದ ನೋಡಲು ತಣ್ಣನೆಯ ತಟ್ಟೆಯ ಮೇಲೆ ಒಂದು ಚಮಚ ಸಾಸ್ ಇಡಿ. ಗುಡ್ಡೆಯ ಸುತ್ತ ನೀರಿನ ಉಂಗುರ ಒಸರಿದರೆ ಮುಚ್ಚಳ ತೆಗೆದು ಇನ್ನು 3–4 ನಿಮಿಷ ಕೈಯಾಡಿಸಿ. ಗಟ್ಟಿಯಾದಂತೆ ಸಿಡಿಯುತ್ತದೆ, ಉದ್ದ ಹಿಡಿಯ ಸೌಟೇ ಇರಲಿ. ಆರಿದ ಮೇಲೆ ಮತ್ತಷ್ಟು ಬಿಗಿಯುವುದರಿಂದ ತುಸು ಸಡಿಲ ಇರುವಾಗಲೇ ಇಳಿಸಿ, 2 ದೊಡ್ಡ ಚಮಚ ಸಕ್ಕರೆ, 1 ದೊಡ್ಡ ಚಮಚ ನಿಂಬೆರಸ, ಎರಡು ಬಾರಿ ತುರಿದಷ್ಟೇ ಜಾಯಿಕಾಯಿ ಸೇರಿಸಿ. ತಣ್ಣಗಾದಾಗ ಸಿಹಿ ಕಡಿಮೆ ಅನ್ನಿಸುತ್ತದೆ, ತಟ್ಟೆಯಲ್ಲಿ ಆರಿದ್ದನ್ನು ರುಚಿ ನೋಡಿ ಸಕ್ಕರೆ ಹೆಚ್ಚಿಸಿ.

ಫ್ರಿಜ್‌ನಲ್ಲಿ ಒಂದು ವಾರ, ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು ಇಡಬಹುದು. ಫ್ರೀಜರ್‌ಗಾದರೆ ಡಬ್ಬಿಯ ಮೇಲ್ಭಾಗದಲ್ಲಿ ಒಂದಂಗುಲ ಖಾಲಿ ಬಿಡಿ. ಹೆಪ್ಪುಗಟ್ಟುವಾಗ ಸಾಸ್ ಹಿಗ್ಗುತ್ತದೆ, ತುಂಬಿದ ಗಾಜಿನ ಬಾಟಲಿ ಒಡೆದೀತು.