ಮಾತ್ರೆ ತಪ್ಪಿಸದ ಅಣ್ಣಂದಿರು ಬೀಡಿ ಬಿಡೋದು ಹೇಗೆ

ನಮ್ಮ ಎಆರ್‌ಟಿ ಕೇಂದ್ರಕ್ಕೆ, ಅಂದರೆ ಎಚ್‌ಐವಿಗೆ ಮಾತ್ರೆ ಕೊಡುವ ಕೇಂದ್ರಕ್ಕೆ, ಬರುವ ಗಂಡಸರಲ್ಲಿ ಮಾತ್ರೆ ತಪ್ಪಿಸುವವರು ಈಗ ಕಡಿಮೆ. ಡಬ್ಬಿ ತಂದು ಮೇಜಿನ ಮೇಲಿಡುತ್ತಾರೆ, ಉಳಿದ ಮಾತ್ರೆ ಎಣಿಸುತ್ತೇವೆ, ಲೆಕ್ಕ ಸರಿ ಇರುತ್ತದೆ. ಆದರೆ ಡಬ್ಬಿ ತೆಗೆದ ಜೇಬಿನಿಂದಲೇ ಬೀಡಿ ಕಟ್ಟೂ ಇಣುಕುತ್ತದೆ. "ಇದೇನಣ್ಣಾ?" ಅಂದರೆ ಹೆಚ್ಚುಕಡಿಮೆ ಎಲ್ಲರದೂ ಒಂದೇ ಉತ್ತರ. "ಬಿಡಕ್ಕ, ಅಂಥಾ ರೋಗಾನೇ ಏನೂ ಮಾಡ್ಲಿಲ್ಲ, ಈ ಬೀಡಿ ಏನ್ ಮಾಡ್ತೈತೆ?"

ಆ ಮಾತಿಗೆ ಉತ್ತರ ಕೊಡಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯವಳು, ಎಆರ್‌ಟಿ ಕೇಂದ್ರದಲ್ಲಿ ಕೇರ್ ಕೋಆರ್ಡಿನೇಟರ್. ಈ ಕೆಲಸ ಎಚ್‌ಐವಿ ಇರುವವರಿಗೇ ಸಿಗುವುದು. ನಾನೂ ದಿನಾ ರಾತ್ರಿ ಅದೇ ಮಾತ್ರೆ ನುಂಗುವವಳು. ನಮ್ಮ ಯಜಮಾನರೂ ನುಂಗುತ್ತಿದ್ದರು, ಒಂದು ದಿನವೂ ಬಿಟ್ಟವರಲ್ಲ. ಲಾರಿ ಓಡಿಸುತ್ತಿದ್ದರು, ಬೀಡಿ ಮಾತ್ರ ಬೆರಳ ಸಂದಿಯಲ್ಲಿ ಸದಾ ಇರೋದು. ಅವರ ಕೊನೇ ವೈರಲ್ ಲೋಡ್ ರಿಪೋರ್ಟಿನಲ್ಲಿ 'ಟಾರ್ಗೆಟ್ ನಾಟ್ ಡಿಟೆಕ್ಟೆಡ್' ಅಂತಿತ್ತು. ಅಂದರೆ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆ. ಹೋಗಿದ್ದು ಹಾರ್ಟ್ ಅಟ್ಯಾಕ್‌ನಿಂದ. ವಿಷಯ ಗೊತ್ತಿದ್ದ ನೆಂಟರು ಇವತ್ತಿಗೂ 'ಆ ಕಾಯಿಲೆಯಿಂದ ಹೋದ' ಅನ್ನುತ್ತಾರೆ. ಆ ರಿಪೋರ್ಟು ಇನ್ನೂ ನನ್ನ ಹತ್ತಿರ ಇದೆ.

ಡೆನ್ಮಾರ್ಕ್‌ನಲ್ಲಿ ಎಚ್‌ಐವಿ ಇರುವವರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅಲ್ಲಿ ಎಲ್ಲರಿಗೂ ಒಳ್ಳೆಯ ಚಿಕಿತ್ಸೆ ಸಿಗುತ್ತದೆ. ಅಂಥ ಕಡೆಯಲ್ಲೂ 35 ವಯಸ್ಸಿನವರ ಲೆಕ್ಕ ತೆಗೆದಾಗ, ಎಚ್‌ಐವಿಯಿಂದ ಕಡಿಮೆಯಾಗುವ ಆಯಸ್ಸು ಸುಮಾರು 5 ವರ್ಷ, ಸಿಗರೇಟಿನಿಂದ ಕಡಿಮೆಯಾಗುವುದು 12 ವರ್ಷ ಅಂತ ಬಂತು. ಮಾತ್ರೆ ವೈರಸ್ಸನ್ನು ಅದುಮಿಡುತ್ತದೆ. ಆದರೂ ಒಳಗೆ ರಕ್ತನಾಳಗಳಲ್ಲಿ ಸಣ್ಣ ಉರಿಯೂತ ಉಳಿದೇ ಇರುತ್ತದೆ, ಹೊಗೆ ಅದನ್ನು ಹೆಚ್ಚಿಸುತ್ತದೆ. ಟಿಬಿಯದಂತೂ ಹೇಳಲೇಬೇಕಿಲ್ಲ. ಎಚ್‌ಐವಿ ಇದ್ದರೆ ಟಿಬಿ ಅಪಾಯ ಹೆಚ್ಚು, ಹೊಗೆ ಸೇದಿದರೂ ಹೆಚ್ಚು. ಎರಡೂ ಒಬ್ಬನಲ್ಲೇ ಸೇರಿದರೆ ಪುಪ್ಪುಸಕ್ಕೆ ಎಲ್ಲಿಯ ಉಳಿಗಾಲ?

ಬೀಡಿ ಚಿಕ್ಕದು, ಎಲೆ ಸುತ್ತಿದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಂತ ನಂಬಿದವರು ಬಹಳ ಜನ. ಆದರೆ ತೂಬರೆ ಎಲೆಯಲ್ಲಿ ಗಾಳಿ ಸರಿಯಾಗಿ ಆಡುವುದಿಲ್ಲ. ಬೆಂಕಿ ಆರಬಾರದು ಅಂತ ಪದೇ ಪದೇ, ಜೋರಾಗಿ ಎಳೆಯಬೇಕು. ಹಾಗಾಗಿ ಒಳಗೆ ಹೋಗುವ ಟಾರು, ಕಾರ್ಬನ್ ಮಾನಾಕ್ಸೈಡು ಸಿಗರೇಟಿಗಿಂತ ಜಾಸ್ತಿಯೇ.

ಇಷ್ಟೆಲ್ಲ ಹೇಳಿದರೆ ತಲೆಯಾಡಿಸುತ್ತಾರೆ. ಬಿಡುವುದಿಲ್ಲ. ಯಾಕೆ ಅಂತ ಅರ್ಥವಾಗಿದ್ದು ಶಿಡ್ಲಘಟ್ಟದ ಕಡೆಯ ಒಬ್ಬ ಅಣ್ಣನಿಂದ. ರೇಷ್ಮೆ ನೂಲು ಬಿಚ್ಚುವ ಕೆಲಸ ಅವರದು. (ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರೂ ಊರೂ ಬೇಡ.) ಬೇಸಿನ್‌ನಲ್ಲಿ ಗೂಡು ಬೇಯುತ್ತಿರುತ್ತದೆ, ಆ ಸುಡುನೀರಿಗೆ ಕೈ ಹಾಕಿ ಎಳೆ ಹುಡುಕಬೇಕು. ಬೆರಳ ತುದಿ ಬಿಳಿಚಿ, ಸುಲಿದು ಹೋಗಿರುತ್ತವೆ. ಜೊತೆಗೆ ಬೆಂದ ಹುಳದ ನಾತ. ಶಿಡ್ಲಘಟ್ಟದ ರೀಲಿಂಗ್ ಯೂನಿಟ್ಟುಗಳ ಮುಂದೆ ಓಡಾಡಿದವರಿಗೆ ಅದು ಗೊತ್ತು. ನಾತ ತಡೆಯೋಕೆ ಬೀಡಿ, ಕೈಗೆ ಬಿಡುವು ಸಿಗಲಿ ಅಂತ ಬೀಡಿ. ಬೀಡಿ ಹಚ್ಚಿಕೊಂಡು ಆಚೆ ಬಂದರೆ ಮೇಸ್ತ್ರಿ ಏನೂ ಅನ್ನುವುದಿಲ್ಲ, ಸುಮ್ಮನೆ ಬಂದು ನಿಂತರೆ ಬೈಯುತ್ತಾನೆ.

ಬಿಡ್ತೀನಿ ಅಂತ ಗಟ್ಟಿ ಮನಸ್ಸು ಮಾಡಿದರು. ಮೊದಲ ಮೂರು ದಿನ ತಲೆ ಸಿಡಿತ, ಕೋಪ, ನಿದ್ದೆ ಇಲ್ಲ. ಅದನ್ನು ಹೇಗೋ ದಾಟಿದರು. ಆಮೇಲೆ ಬಂತು ನಾನು ಊಹಿಸದೇ ಇದ್ದ ಕಷ್ಟ. ಸೇದುವುದು ನಿಂತರೆ ಮೂಗು ಚುರುಕಾಗುತ್ತದೆ. ಬೇರೆಯವರು 'ಸಾರಿನ ಘಮ ಈಗ ಗೊತ್ತಾಗ್ತೈತೆ' ಅಂತ ಖುಷಿಪಡುತ್ತಾರೆ. ಇವರಿಗೆ ಹುಳದ ನಾತ ಪೂರ್ತಿ ಗೊತ್ತಾಗತೊಡಗಿತು. "ಇಷ್ಟ್ ವರ್ಷ ಇದ್ರೊಳ್ಗೆ ಹೆಂಗಿದ್ನೋ ಅಕ್ಕಾ, ಹೊಟ್ಟೆ ತೊಳಸ್ತೈತೆ. ಒಂದ್ ದಮ್ ಎಳೆದ್ರೆ ನಿಂತೋಗ್ತದೆ," ಅಂತ ಫೋನಿನಲ್ಲಿ ಅತ್ತೇಬಿಟ್ಟರು.

ಇದನ್ನು ಅವರು ಇನ್ಯಾರಿಗೆ ಹೇಳಬೇಕು? ಜೊತೆಯವರು ಕೇಳುವ ಮೊದಲ ಪ್ರಶ್ನೆಯೇ, "ಯಾಕ್ಲಾ ಬಿಟ್ಟೆ, ಡಾಕ್ಟ್ರು ಏನಂದ್ರು, ಏನಾಗೈತೆ ನಿಂಗೆ?" ಎಚ್‌ಐವಿ ಇರುವವನಿಗೆ ಅದಕ್ಕಿಂತ ಭಯದ ಪ್ರಶ್ನೆ ಇಲ್ಲ. ಆ ಪ್ರಶ್ನೆ ಬರಬಾರದು ಅಂತಲೇ ಮತ್ತೆ ಹಚ್ಚಿದವರನ್ನು ನೋಡಿದ್ದೇನೆ. ಗುಟ್ಟು ಕಾಯಲು ಬೀಡಿಯೇ ಮರೆ. ಅದಕ್ಕೇ ಬೀಡಿ ಬಿಡಿಸುವ ಮಾತು ಗುಟ್ಟು ಆಗಲೇ ಗೊತ್ತಿರುವ ಜಾಗದಲ್ಲಿ ನಡೆಯಬೇಕು ಅಂತ ನಾನು ಹಟ ಹಿಡಿದಿರುವುದು. ಮಾತ್ರೆ ಎಣಿಸುವ ಮೇಜಿನಲ್ಲೇ, ಕೆಮ್ಮು ಇದೆಯಾ, ಜ್ವರ ಇದೆಯಾ, ತೂಕ ಇಳಿದಿದೆಯಾ ಅಂತ ಕೇಳುವ ಹೊತ್ತಿಗೇ, ಬೀಡಿ ಎಷ್ಟಾಯ್ತು ಅಂತಲೂ ಕೇಳಬೇಕು. ಬೈಯಬಾರದು. ಬೈದರೆ ಮುಂದಿನ ಸಲ ಸುಳ್ಳು ಹೇಳುತ್ತಾರೆ, ಕೊನೆಗೆ ಮಾತ್ರೆಗೆ ಬರುವುದನ್ನೂ ತಪ್ಪಿಸಿದರೆ ಇನ್ನೂ ಕಷ್ಟ.

ಜೊತೆಯವರಿಗೆ ಏನು ಹೇಳಬೇಕು ಅಂತ ಇಬ್ಬರೂ ಕೂತು ಮಾತಾಡಿದೆವು. 'ಮಗಳ ಫೀಸಿಗೆ ದುಡ್ಡು ಕೂಡಿಡ್ತಾ ಇದೀನಿ' ಅನ್ನೋದು ಅಂತಾಯ್ತು. ಅದು ನಿಜವೂ ಹೌದು. ಬೆರಳು ಬೆಂದಿದೆ ಅಂತ ಮಾಲೀಕರನ್ನು ಕೇಳಿ ಸ್ವಲ್ಪ ದಿನ ಬೇಸಿನ್ ಬಿಟ್ಟು, ಬಿಚ್ಚಿದ ನೂಲನ್ನು ಮತ್ತೆ ಸುತ್ತುವ ರೀ-ರೀಲಿಂಗ್ ಕಡೆ ಹೋದರು, ಅಲ್ಲಿ ನಾತ ಕಡಿಮೆ. ಮೂಗಿಗೆ ಟವೆಲ್, ಬಾಯಲ್ಲಿ ಲವಂಗ. ಬೀಡಿ ಇಲ್ಲದೆ ಆಚೆ ಬಂದು ನಿಲ್ಲೋಕೆ ಟೀ ತರುವ ಕೆಲಸ ತಾವೇ ವಹಿಸಿಕೊಂಡರು.

ನಿಕೋಟಿನ್ ಗಮ್ ಕೂಡ ಕೆಲಸಕ್ಕೆ ಬಂತು. 2 ಮಿಲಿಗ್ರಾಂನದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ನಮ್ಮ ಜನ ಅದನ್ನು ಬಬಲ್ ಗಮ್ ಥರ ಜಗಿದು, ಬಿಕ್ಕಳಿಕೆ ಬಂತು, ಗಂಟಲು ಉರೀತು ಅಂತ ಉಗಿಯುತ್ತಾರೆ. ನಿಧಾನಕ್ಕೆ ಜಗಿಯಬೇಕು. ನಾಲಿಗೆಗೆ ಖಾರ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆಯ ಒಳಗೆ ಒಸಡಿನ ಪಕ್ಕ ಇಟ್ಟುಕೊಳ್ಳಬೇಕು. ಚುರುಗು ಹೋದ ಮೇಲೆ ಮತ್ತೆ ಎರಡು ಸಲ ಜಗಿತ. ಅರ್ಧ ಗಂಟೆ ಹೀಗೇ. ಟೀ ಕುಡಿದ ಬೆನ್ನಿಗೇ ಹಾಕಿಕೊಂಡರೆ ಹಿಡಿಯುವುದಿಲ್ಲ, ಕಾಲು ಗಂಟೆ ಬಿಡಬೇಕು. ಗಮ್‌ಗೂ ನಮ್ಮ ಎಆರ್‌ಟಿ ಮಾತ್ರೆಗೂ ತಕರಾರಿಲ್ಲ. ಬಾಯಿ ಹುಣ್ಣಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ ಶುರುಮಾಡಿ. ಗಮ್ ದುಬಾರಿ ಅಂತ ಹೊಗೆಸೊಪ್ಪು, ಗುಟ್ಕಾಗೆ ತಿರುಗಬೇಡಿ, ಅದು ಬಾಯಿ ಕ್ಯಾನ್ಸರಿನ ದಾರಿ.

ಬೀಡಿ ಬಿಡಿಸುವ ಮಾತ್ರೆಗಳೂ ಇವೆ. ಅದರಲ್ಲಿ ಬ್ಯುಪ್ರೊಪಿಯಾನ್ ಅನ್ನುವುದರ ಬಲವನ್ನು ಎಫಾವಿರೆಂಜ್, ಲೋಪಿನಾವಿರ್-ರಿಟೊನಾವಿರ್ ಥರದ ಎಆರ್‌ಟಿ ಔಷಧಿಗಳು ತಗ್ಗಿಸುತ್ತವೆ. ಹಾಗಾಗಿ ಹೊರಗಿನ ಡಾಕ್ಟರ ಹತ್ತಿರ ವಿಷಯ ಮುಚ್ಚಿಟ್ಟು ಬರೆಸಿಕೊಳ್ಳಬೇಡಿ. ಕಾನೂನು ಹೇಳುವ ಕೆಲವು ಸಂದರ್ಭ ಬಿಟ್ಟರೆ ನಿಮ್ಮ ಒಪ್ಪಿಗೆ ಇಲ್ಲದೆ ಅವರು ಅದನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ, 2017ರ ಎಚ್‌ಐವಿ ಕಾಯ್ದೆ ಇದೆ. ಅಷ್ಟಾದರೂ ಭಯವಾದರೆ ನಮ್ಮ ಕೇಂದ್ರದ ಡಾಕ್ಟರನ್ನೇ ಕೇಳಿ.

ಆ ಅಣ್ಣ ನಡುವೆ ಒಂದು ಮದುವೆ ಮನೆಯಲ್ಲಿ ಮತ್ತೆ ಸೇದಿದರು, ತಿಂಗಳ ಮಾತ್ರೆಗೆ ಬಂದಾಗ ತಾವಾಗಿಯೇ ಹೇಳಿದರು. ಮತ್ತೆ ಶುರುಮಾಡಿದೆವು. ಈಗ ಸೇದುತ್ತಿಲ್ಲ.

ಎಆರ್‌ಟಿ ಕೇಂದ್ರ ದೂರ ಇರುವವರಿಗೆ, ತಂಬಾಕು ಬಿಡಲು ನೆರವಾಗುವ ಸಹಾಯವಾಣಿಯ ನಂಬರ್: 1800-11-2356. ಬೀಡಿ, ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುವುದೂ ಇದೇ. ಫೋನಿಗೆ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಬರೀ ಬೀಡಿ ಬಿಡುವ ಮಾತಾದರೆ ಎಚ್‌ಐವಿ ವಿಷಯ ಅಲ್ಲಿ ಎತ್ತಲೇಬೇಕೆಂದಿಲ್ಲ. ಬೀಡಿ ಬಿಡಿಸುವ ಮಾತ್ರೆಯ ಮಾತು ಬಂದರೆ ಮಾತ್ರ ಹೇಳಿ.