ನೈಲಾನ್‌ಗೆ ಒಂದು ಲೋಟ ನೀರು

ಪೀಣ್ಯದ ಒಂದು ಸಣ್ಣ ಇಂಜೆಕ್ಷನ್ ಮೋಲ್ಡಿಂಗ್ ಶಾಪ್‌ನಲ್ಲಿ, ಅಂದರೆ ಕರಗಿಸಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ಸಾಮಾನು ಮಾಡುವ ಕಡೆ, ನಾನು ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಒಟ್ಟು ಆರು ಮೆಷಿನ್. ಬಾಟಲಿ ಮುಚ್ಚಳ, ಸ್ವಿಚ್ ಬಾಕ್ಸ್, ಬೈಕ್ ವೈರಿಂಗ್ ಹಿಡಿದುಕೊಳ್ಳುವ ಕ್ಲಿಪ್, ಯಾವ ಆರ್ಡರ್ ಬಂದರೂ ಹೊಡೆದುಕೊಡುತ್ತೇವೆ. ಇದು ಆ ಕ್ಲಿಪ್ ಕಥೆ. ಇದರಲ್ಲಿ ನಾನು ಇಬ್ಬರ ಮೇಲೆ ಸುಮ್ನೆ ತಪ್ಪು ಹೊರಿಸಿದ್ದೂ ಇದೆ.

ಕ್ಲಿಪ್ ನೈಲಾನ್ 66ರದ್ದು. ತೂಕ ಎರಡೂವರೆ ಗ್ರಾಂ. ವೈರ್ ಕಟ್ಟನ್ನು ಒಳಗಿಟ್ಟು ಹೆಬ್ಬೆರಳಲ್ಲಿ ಒತ್ತಿದರೆ ಕೊಕ್ಕೆ ಸ್ವಲ್ಪ ಬಾಗಿ ಟಕ್ ಅಂತ ಕೂರಬೇಕು. ಅದರ ಕೆಲಸವೇ ಅಷ್ಟು. ಮೂರು ವರ್ಷ ಅದೇ ಮೋಲ್ಡ್, ಅದೇ ಪ್ಲಾಸ್ಟಿಕ್ ದಾಣಾ, ಒಂದು ಕಂಪ್ಲೇಂಟ್ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ, ಮಾರ್ಚ್ ಕೊನೆಗೆ ಅರ್ಜೆಂಟ್ ಆರ್ಡರ್ ಬಂತು. ಗಿರಾಕಿಯ ಲೈನ್ ನಿಲ್ಲುವ ಹಾಗಿತ್ತು. ರಾತ್ರಿ ಪೂರ್ತಿ ಮೆಷಿನ್ ಓಡಿಸಿದೆವು. ಮೋಲ್ಡ್‌ನಿಂದ ಬಿದ್ದ ಕ್ಲಿಪ್ ಇನ್ನೂ ಬೆಚ್ಚಗಿರುವಾಗಲೇ ಹತ್ತು ಹತ್ತು ಕೆಜಿ ಪಾಲಿಥೀನ್ ಬ್ಯಾಗ್‌ಗೆ ತುಂಬಿ, ಬಾಯಿ ಕಟ್ಟಿ, ಬೆಳಿಗ್ಗೆ ಆರಕ್ಕೆ ಟೆಂಪೋ ಕಳಿಸಿದೆವು. ಹನ್ನೊಂದಕ್ಕೆ ಫೋನ್. "ಏನ್ ಸಾರ್ ಇದು, ಒತ್ತಿದ್ರೆ ಪಟ್ ಅಂತ ಮುರೀತಿದೆ. ಹತ್ತಕ್ಕೆ ಮೂರು!"

ನೈಲಾನ್ ಮುರಿದರೆ ನಮ್ಮ ಕಡೆ ಮೊದಲು ಕೇಳುವುದು ಒಂದೇ ಪ್ರಶ್ನೆ. ದಾಣಾ ಒಣಗಿಸಿದ್ರಾ? ದಾಣಾ ಅಂದರೆ ಸಬ್ಬಕ್ಕಿಯಂಥ ಕಾಳು, ಪ್ಲಾಸ್ಟಿಕ್ ನಮಗೆ ಬರುವುದೇ ಹಾಗೆ. ನೈಲಾನ್ ಕಾಳು ಉಪ್ಪಿನ ಜಾತಿ, ಮೂಟೆ ಬಿಚ್ಚಿಟ್ಟರೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಸಿ ಕಾಳನ್ನು ಹಾಗೇ ಮೆಷಿನ್‌ನಲ್ಲಿ ಅದನ್ನು ಕರಗಿಸುವ ಬ್ಯಾರೆಲ್‌ಗೆ ಬಿಟ್ಟರೆ, 280 ಡಿಗ್ರಿ ಹತ್ತಿರದ ಆ ಬಿಸಿಯಲ್ಲಿ ನೀರು ನೈಲಾನ್‌ನ ಅಣುಗಳ ಉದ್ದುದ್ದ ಎಳೆಗಳನ್ನು ಅಲ್ಲಲ್ಲೇ ಕತ್ತರಿಸುತ್ತದೆ. ಪೀಸ್ ಮೇಲೆ ಬೆಳ್ಳಿ ಗೆರೆ ಕಾಣುತ್ತದೆ, ಶಕ್ತಿ ಹೋಗುತ್ತದೆ. ಅದಕ್ಕೇ ಹಾಪರ್ ಡ್ರೈಯರ್‌ನಲ್ಲಿ 80 ಡಿಗ್ರಿಗೆ ನಾಲ್ಕು ಗಂಟೆ ಒಣಗಿಸಿ, ತೇವ 0.2 ಪರ್ಸೆಂಟ್‌ಗಿಂತ ಕೆಳಗೆ ಇಳಿಸಿಯೇ ಮೆಷಿನ್‌ಗೆ ಬಿಡುವುದು.

ಲಾಗ್ ಬುಕ್ ನೋಡಿದೆ. ಒಣಗಿಸಿದ್ದರು. ಒಂದು ಪೀಸ್ ಮೇಲೂ ಬೆಳ್ಳಿ ಗೆರೆ ಇಲ್ಲ. ಹಾಗಾದರೆ ರೀಗ್ರೈಂಡ್ ಜಾಸ್ತಿ ಬಿದ್ದಿರಬೇಕು ಅಂದುಕೊಂಡೆ. ಮೋಲ್ಡ್‌ನ ಕಾಲುವೆಯಲ್ಲಿ ಗಟ್ಟಿಯಾಗಿ ಉಳಿಯುವ ಪ್ಲಾಸ್ಟಿಕ್, ಅದೇ ರನ್ನರ್, ಪುಡಿ ಮಾಡಿ ವಾಪಸ್ ಹಾಕುತ್ತೇವಲ್ಲ, ಆ ಗಿರಾಕಿಯ ಕೆಲಸಕ್ಕೆ ಅದು ಹತ್ತು ಪರ್ಸೆಂಟ್ ದಾಟುವ ಹಾಗಿಲ್ಲ. ರಾತ್ರಿ ಪಾಳಿಯ ಆಪರೇಟರ್ ಯಾದಗಿರಿ ಕಡೆಯ ಹುಡುಗ. ಎಲ್ಲರ ಎದುರು ಕೇಳಿದೆ. "ನಾ ಹಾಕಿಲ್ರೀ ಸರ, ನೀವು ಬೇಕಾದ್ರ ಗ್ರೈಂಡರ್ ಚೀಲ ತೂಕಾ ಮಾಡ್ರಿ" ಅಂದ. ಮಾಡಿದೆ. ತೂಕ ಸರಿಯಾಗೇ ಇತ್ತು. ಆದರೂ ನನ್ನ ಮುಖದ ಮೇಲಿದ್ದ ಅನುಮಾನ ಅವನಿಗೆ ಕಂಡಿರಬೇಕು. ಎರಡು ದಿನ ನನ್ನ ಜೊತೆ ಚಹಾಕ್ಕೆ ಬರಲಿಲ್ಲ.

ಉಳಿದಿದ್ದು ದಾಣಾ ಕೊಟ್ಟವರು. ರಿಪೋರ್ಟ್‌ನಲ್ಲಿ ಕಾರಣದ ಕೆಳಗೆ "ಕಚ್ಚಾ ಮಾಲಿನ ದೋಷ" ಅಂತ ಬರೆದು ಕೈತೊಳೆದುಕೊಂಡೆ. ಅವರ ಮನುಷ್ಯ ಬಂದು ಲ್ಯಾಬ್ ಸರ್ಟಿಫಿಕೇಟ್ ಮೇಜಿನ ಮೇಲಿಟ್ಟು ಹೋದ. ನಾನು ಓದಲಿಲ್ಲ.

ರಿಜೆಕ್ಟ್ ಆದ ಮಾಲು ವಾಪಸ್ ಬರಲು ಮೂರು ವಾರ ಹಿಡಿಯಿತು. ಗೇಟ್ ಪಾಸು, ಡೆಬಿಟ್ ನೋಟು, ಆ ರಾಮಾಯಣ ಬೇಡ. ಅಷ್ಟರಲ್ಲಿ ಅಶ್ವಿನಿ ಮಳೆ ಎರಡು ಸಲ ಬಂದು ಹೋಗಿತ್ತು. ಬ್ಯಾಗ್‌ಗಳನ್ನೆಲ್ಲ ಅಲ್ಲೇ ಬಿಚ್ಚಿ, ಕ್ಲಿಪ್‌ಗಳನ್ನು ತೆರೆದ ಕ್ರೇಟ್‌ಗೆ ಸುರಿದಿದ್ದರು. ಗ್ರೈಂಡರ್‌ಗೆ ಹಾಕುವ ಮುಂಚೆ ಮುರಿದ ಜಾಗದ ಫೋಟೋ ಒಂದು ತೆಗೆಯೋಣ ಅಂತ ಒಂದು ಕ್ಲಿಪ್ ತಗೊಂಡು ಬಗ್ಗಿಸಿದೆ.

ಮುರಿಯಲಿಲ್ಲ.

ಇನ್ನೊಂದು ತಗೊಂಡೆ. ಇನ್ನೂ ಹತ್ತು. ಕೊಕ್ಕೆಯನ್ನು ಹಿಂದಕ್ಕೆ ಪೂರ್ತಿ ಮಡಚಿದರೂ ಬಿಳಿ ಗೆರೆ ಬಿತ್ತೇ ಹೊರತು ತುಂಡಾಗಲಿಲ್ಲ. ರಿಜೆಕ್ಟ್ ಮಾಲು ಕ್ರೇಟ್‌ನಲ್ಲಿ ಕೂತುಕೊಂಡೇ ಪಾಸಾಗಿತ್ತು.

ಮೈಸೂರಿನ ಸಿಪೆಟ್‌ನಲ್ಲಿ (ಪ್ಲಾಸ್ಟಿಕ್ ಕೆಲಸ ಕಲಿಸುವ ಸರ್ಕಾರಿ ಸಂಸ್ಥೆ) ಡಿಪ್ಲೊಮಾ ಮಾಡುವಾಗ ಇದರ ಪಾಠ ಆಗಿತ್ತು. ಪರೀಕ್ಷೆಗೆ ಬರಲ್ಲ ಅಂತ ಹಾರಿಸಿದ್ದ ಪುಟ. ಮೋಲ್ಡ್‌ನಿಂದ ಆಗಷ್ಟೇ ಬಂದ ನೈಲಾನ್ ಪೂರ್ತಿ ಒಣ. ಒಣ ನೈಲಾನ್ ಪೆಡಸು, ಬಾಗುವ ಬದಲು ಮುರಿಯುತ್ತದೆ. ದಿನ ಕಳೆದ ಹಾಗೆ ಗಾಳಿಯಿಂದ ನೀರು ಒಳಗೆ ಹೋಗಿ ಎಳೆಗಳ ನಡುವೆ ಸೇರಿಕೊಳ್ಳುತ್ತದೆ, ಎಳೆಗಳು ಒಂದರ ಮೇಲೊಂದು ಜಾರಲು ಶುರು ಮಾಡುತ್ತವೆ, ಆಗ ಪೀಸ್‌ಗೆ ಬಾಗುವ ಗುಣ ಬರುತ್ತದೆ. ಬ್ಯಾರೆಲ್ ಒಳಗೆ ಕತ್ತರಿಯಾಗುವ ನೀರೇ ಹೊರಗೆ ಬಂದ ಮೇಲೆ ಎಣ್ಣೆ. ಕಾಳಿಗೆ ನೀರು ತಾಗಬಾರದು, ಪೀಸ್‌ಗೆ ತಾಗಲೇಬೇಕು. ನಾನು ಮೊದಲರ್ಧ ಮಾತ್ರ ಕಲಿತಿದ್ದೆ.

ಹಾಗಾದರೆ ಮೂರು ವರ್ಷ ಯಾಕೆ ಮುರಿಯಲಿಲ್ಲ? ಯಾಕೆಂದರೆ ನಾವು ನಿಧಾನ. ತಿಂಗಳ ಶುರುವಿನಲ್ಲಿ ಹೊಡೆದ ಕ್ಲಿಪ್ ಸ್ಟೋರ್‌ನಲ್ಲಿ ತೆರೆದ ಕ್ರೇಟ್‌ನಲ್ಲಿ ಎರಡು ಮೂರು ವಾರ ಬಿದ್ದಿರುತ್ತಿತ್ತು. ತನಗೆ ಬೇಕಾದ ನೀರು ತಾನೇ ಕುಡಿದುಕೊಳ್ಳುತ್ತಿತ್ತು. ನಮ್ಮ ಸೋಮಾರಿತನ ಒಂದು ಪ್ರೊಸೆಸ್ ಆಗಿ ಕೆಲಸ ಮಾಡುತ್ತಿದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಆ ಮಾರ್ಚ್‌ನಲ್ಲಿ ಒಣ ಗಾಳಿ, ಕಟ್ಟಿದ ಬ್ಯಾಗ್, ಐದು ಗಂಟೆಯೊಳಗೆ ಅಸೆಂಬ್ಲಿ. ಎಲ್ಲ ಒಟ್ಟಿಗೆ ಬಂದುಬಿಟ್ಟವು.

ಊಹೆ ಸಾಲದು, ಒಂದು ಊಹೆ ಬರೆದೇ ಕೈ ಸುಟ್ಟುಕೊಂಡಿದ್ದೆ. ಅದೇ ಮೋಲ್ಡ್‌ನಿಂದ ಹೊಸದಾಗಿ ನೂರು ಕ್ಲಿಪ್ ತೆಗೆದು ತೂಕ ಮಾಡಿದೆ, 251 ಗ್ರಾಂ. ಕುದಿಯುವುದಕ್ಕೆ ಸ್ವಲ್ಪ ಮುಂಚಿನ ಬಿಸಿ ನೀರಿನಲ್ಲಿ ಎರಡು ಗಂಟೆ ಮುಳುಗಿಸಿಟ್ಟು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಮತ್ತೆ ತೂಗಿದೆ. 257. ವಾಪಸ್ ಬಂದಿದ್ದ ಮಾಲಿನ ನೂರು ಕ್ಲಿಪ್ 255 ತೂಗಿತು. ಹೋಲಿಕೆಗೆ ಅಂತ ನಾವೇ ಹೊಡೆಯುವ ಪಾಲಿಪ್ರೊಪಿಲೀನ್ ಮುಚ್ಚಳ ನೂರನ್ನು ಅದೇ ಪಾತ್ರೆಗೆ ಹಾಕಿದ್ದೆ. ಅದರ ತೂಕ ಅಲುಗಾಡಲಿಲ್ಲ. ಎರಡು ಗಂಟೆ ನೀರಲ್ಲಿದ್ದೂ ಒಂದು ಗುಟುಕು ಕುಡಿದಿರಲಿಲ್ಲ.

ಜನ ಎಲ್ಲವನ್ನೂ 'ಪ್ಲಾಸ್ಟಿಕ್' ಅಂತ ಒಂದೇ ಪದದಲ್ಲಿ ಮುಗಿಸಿದರೆ ನನಗೆ ಕಿರಿಕಿರಿ ಆಗುವುದು ಅಲ್ಲಿಂದಲೇ. ಅಡುಗೆಮನೆಯಲ್ಲೇ ನೋಡಿ. ಹಳೇ ಕುಕ್ಕರ್ ಹಿಡಿ ಬೇಕಲೈಟ್, ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಕಂಡುಹಿಡಿದ ಜಾತಿ. ಒಮ್ಮೆ ಗಟ್ಟಿಯಾದರೆ ಮುಗೀತು, ಮತ್ತೆ ಕರಗುವುದಿಲ್ಲ. ಅದಕ್ಕೇ ಒಲೆ ಪಕ್ಕ ಇರುತ್ತದೆ. ನಮ್ಮ ಮುಚ್ಚಳದ ಪಾಲಿಪ್ರೊಪಿಲೀನ್ ಬಂದಿದ್ದು 1950ರ ದಶಕದಲ್ಲಿ, ಅದನ್ನು ಮತ್ತೆ ಕರಗಿಸಬಹುದು. ಊರಲ್ಲಿ 'ನೈಲಾನ್ ಹಗ್ಗ' ಅಂತ ತರುತ್ತಾರಲ್ಲ, ಅದರ ಒಂದು ತುಂಡು ಬಕೆಟ್ ನೀರಿಗೆ ಹಾಕಿ ಒಳಗಿನ ಗಾಳಿ ಹೋಗುವ ಹಾಗೆ ಹಿಂಡಿ. ಆಮೇಲೂ ತೇಲಿದರೆ ಅದು ನೈಲಾನ್ ಅಲ್ಲ. ನೈಲಾನ್ ನೀರಿಗಿಂತ ಭಾರ, ಮುಳುಗುತ್ತದೆ. ಬಾವಿ ಹಗ್ಗ ಅಂತ ಮಾರುವುದರಲ್ಲಿ ತೇಲುವುದೇ ಜಾಸ್ತಿ.

ನಿಜವಾದ ನೈಲಾನ್ 66 ಮೊದಲು ತಯಾರಾಗಿದ್ದು 1935ರ ಫೆಬ್ರವರಿಯಲ್ಲಿ, ಅಮೆರಿಕದ ಡುಪಾಂಟ್ ಕಂಪನಿಯಲ್ಲಿ, ವ್ಯಾಲೇಸ್ ಕರೋಥರ್ಸ್ ತಂಡದ ಕೈಯಲ್ಲಿ. ಅದು ಅಂಗಡಿಗೆ ಬರುವುದನ್ನು ಅವರು ನೋಡಲಿಲ್ಲ, 1937ರಲ್ಲೇ ತೀರಿಕೊಂಡರು. ಎಲ್ಲರೂ ನೈಲಾನ್ ಕಾಲುಚೀಲ ಅಂಗಡಿಗೆ ಬಂದ ಕಥೆ ಹೇಳುತ್ತಾರೆ. ಅದು 1940. ಅದಕ್ಕೂ ಎರಡು ವರ್ಷ ಮುಂಚೆ ನೈಲಾನ್ ಅಂಗಡಿಗೆ ಬಂದಿದ್ದು ಹಲ್ಲುಜ್ಜುವ ಬ್ರಷ್‌ನ ಕೂದಲಾಗಿ. ಅಲ್ಲಿಯವರೆಗೆ ಹಂದಿಕೂದಲು ಹಾಕುತ್ತಿದ್ದರು. ಬೆಳಿಗ್ಗೆ ಒಣ ಬ್ರಷ್ ಒಸಡಿಗೆ ಚುಚ್ಚುತ್ತದೆ, ನೀರು ತಾಗಿ ಸ್ವಲ್ಪ ಹೊತ್ತಾದ ಮೇಲೆ ಮೆತ್ತಗಾಗುತ್ತದೆ ಅಲ್ವಾ? ನನ್ನ ಕ್ಲಿಪ್‌ಗೆ ಆಗಿದ್ದೂ ಅದೇ. ದಿನಾ ಬಾಯಲ್ಲಿಟ್ಟುಕೊಂಡು ಓಡಾಡಿದ್ದೇನೆ, ಗೊತ್ತಾಗಲಿಲ್ಲ. (ಈಗ ಬ್ರಷ್‌ಗೆ ಹೆಚ್ಚಾಗಿ ನೈಲಾನ್ 612 ಬಳಸುತ್ತಾರೆ. ಅದು ನೀರು ಕಡಿಮೆ ಕುಡಿಯುತ್ತದೆ.)

ದಾಣಾ ಕೊಟ್ಟವರಿಗೆ ಫೋನ್ ಮಾಡಿ, ರಿಪೋರ್ಟ್ ತಿದ್ದಿ ಕಳಿಸಿದೆ. ಯಾದಗಿರಿ ಹುಡುಗನಿಗೆ ಎರಡು ತೂಕವನ್ನೂ ತೋರಿಸಿ ಸಾರಿ ಕೇಳಿದೆ, ಎಲ್ಲರ ಎದುರಿಗೇ. "ಅಂದ್ರ ನಾವು ಬಿಸಿಬಿಸಿ ಕಟ್ಟಿ ಕಳಿಸಿದ್ದೇ ತಪ್ಪೇನ್ರೀ ಸರ?" ಅಂದ. ಹೌದು ಅಂದೆ. ಕಟ್ಟಿ ಅಂದಿದ್ದು ನಾನೇ.

ಇನ್ನು ಪರಿಹಾರ. ದಿನಾ ಅಷ್ಟು ಕ್ಲಿಪ್ ಬೇಯಿಸಲು ನಮ್ಮಲ್ಲಿ ಜಾಗವೂ ಇಲ್ಲ, ಗ್ಯಾಸೂ ಇಲ್ಲ. ಈ ಫೀಲ್ಡ್‌ನಲ್ಲಿ ಇದಕ್ಕೊಂದು ಸುಲಭ ದಾರಿ ಇದೆ. ಬ್ಯಾಗ್‌ನೊಳಗೇ ಅಳೆದು ನೀರು ಹಾಕಿ ಬಾಯಿ ಕಟ್ಟುವುದು. ಹತ್ತು ಕೆಜಿಗೆ ಎರಡೂವರೆ ಪರ್ಸೆಂಟ್ ಅಂದರೆ 250 ಮಿಲಿ, ನಮ್ಮ ಕ್ಯಾಂಟೀನಿನ ದೊಡ್ಡ ಲೋಟ ಒಂದು. ಐದು ದಿನ ಹಾಗೇ ಇಟ್ಟು, ದಿನಕ್ಕೊಂದು ಸಲ ಬ್ಯಾಗ್ ಉರುಳಿಸುವುದು. ನೀರು ಕುಡಿದ ನೈಲಾನ್ ಕೂದಲೆಳೆಯಷ್ಟು ಹಿಗ್ಗುತ್ತದೆ, ಹಾಗಾಗಿ ಅಳತೆ ನೋಡಲು ವರ್ನಿಯರ್ ಹಿಡಿಯುವುದೂ ಈಗ ಐದನೇ ದಿನವೇ. ಅರ್ಜೆಂಟ್ ಆರ್ಡರ್ ಬಂದರೆ ಸೇಲ್ಸ್‌ನವರಿಗೆ ಮೊದಲೇ ಹೇಳುತ್ತೇನೆ, ನೈಲಾನ್ ಆದರೆ ಐದು ದಿನ ಜಾಸ್ತಿ ಕೇಳಿ ಅಂತ. ಬೈಯುತ್ತಾರೆ. ಬೈಸಿಕೊಳ್ಳುತ್ತೇನೆ.

ಹಾಗೆ ಕಳಿಸಿದ ಮೊದಲ ಲಾಟ್‌ಗೂ ಹನ್ನೊಂದು ಗಂಟೆಗೇ ಫೋನ್ ಬಂತು. ಎದೆ ಧಸಕ್ ಅಂತು. ಗಿರಾಕಿಯ ಸ್ಟೋರ್‌ನವರು.

"ಟೆಂಪೋಗೆ ಟಾರ್ಪಾಲ್ ಕಟ್ಟಿಸಿಲ್ವಾ ಸಾರ್? ಬ್ಯಾಗ್ ಒಳಗೆಲ್ಲಾ ನೀರಿನ ಹನಿ. ನಿಮ್ಮ ಪುಣ್ಯ, ನಾನು ನೋಡ್ದೆ. ಎಲ್ಲಾ ಬಿಚ್ಚಿ ನೆಲದ ಮೇಲೆ ಹರಡಿಸಿ ಎರಡು ಫ್ಯಾನ್ ಹಾಕ್ಸಿದೀನಿ."

"ಮೊದಲು ಆ ಫ್ಯಾನ್ ಆಫ್ ಮಾಡ್ಸಿ ಸಾರ್, ಆಮೇಲೆ ಹೇಳ್ತೀನಿ" ಅಂದೆ.